ತೂತು ಬಿದ್ದ ಟೈರು: ಒಂದು ಅಧಿಕರಣ

ವಿಷಯ

ಮೀಮಾಂಸಾ ಶಾಸ್ತ್ರದ ಸೂತ್ರಕಾರ ಜೈಮಿನಿಯ ದಾರಿ ಹಿಡಿದವರು ಒಂದು ಪ್ರಶ್ನೆಯನ್ನು ಐದು ಅಂಗಗಳಾಗಿ ಬಿಡಿಸಿಕೊಳ್ಳುತ್ತಾರೆ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಹಾಗೆ ಬಿಡಿಸಿದ ಪ್ರಶ್ನೆಗೆ ಅಧಿಕರಣ ಎಂದು ಹೆಸರು. ಯಾಗದ ಹಿಟ್ಟು, ತುಪ್ಪ, ಸೌದೆ, ದಕ್ಷಿಣೆಗಳ ಬಗ್ಗೆ ನೂರಾರು ಅಧಿಕರಣ ಕಟ್ಟಿದ ಶಾಸ್ತ್ರ ರಸ್ತೆ ಬದಿಯ ಪಂಕ್ಚರ್ ಅಂಗಡಿಗೆ ಬಂದರೆ ಅದರ ಮಡಿಗೇನೂ ಕುಂದು ಬರುವುದಿಲ್ಲ. ಕೆಟ್ಟುಹೋದ ಸಾಮಗ್ರಿಯಿಂದ ಕೆಲಸ ಮುಂದುವರಿಸಬಹುದೇ ಎಂಬ ಪ್ರಶ್ನೆ ಅದಕ್ಕೆ ಹೊಸದಲ್ಲ.

ಇಲ್ಲಿ ವಿಷಯ, ಬೈಕಿನ ಹಿಂದಿನ ಚಕ್ರಕ್ಕೆ ಚುಚ್ಚಿಕೊಂಡ ಒಂದು ಮೊಳೆ. ಹಿಂದಿನದೇ ಏಕೆಂದರೆ ಬಹುಪಾಲು ಮೊಳೆಗಳು ಸಿಗುವುದು ಅಲ್ಲೇ. ನೆಲದಲ್ಲಿ ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಚಿಮ್ಮಿಸಿ ಎಬ್ಬಿಸುತ್ತದೆ, ಹಿಂದಿನದು ಬಂದು ಅದರ ಮೇಲೆ ಕೂರುತ್ತದೆ. ಭಾರವೂ ಹಿಂದೆಯೇ ಹೆಚ್ಚು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಬ್ಬ ಉದ್ಯೋಗಿ ಕೆಲಸಕ್ಕೆ ಹೋಗಿಬರುವಾಗ ಅಯಸ್ಕಾಂತ ಹಿಡಿದು ಕಿಲೋಗಟ್ಟಲೆ ಮೊಳೆ ಹೆಕ್ಕಿದ್ದು ಕೆಲ ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಅಷ್ಟು ಮೊಳೆ ಅಲ್ಲಿಗೆ ಹೇಗೆ ಬಂತು ಎಂಬುದು ಬೇರೆಯೇ ಅಧಿಕರಣ.

ಟೈರು ಬರೀ ರಬ್ಬರಲ್ಲ. ಹೊರಗೆ ನೆಲ ಮುಟ್ಟುವ ಟ್ರೆಡ್. ಅದರಡಿ ನೈಲಾನ್ ಅಥವಾ ಪಾಲಿಯೆಸ್ಟರ್ ದಾರಗಳ ಪದರಗಳು. ದೊಡ್ಡ ಬೈಕುಗಳ ರೇಡಿಯಲ್ ಟೈರುಗಳಲ್ಲಿ ಇವುಗಳ ಮೇಲೆ ಉಕ್ಕಿನದೋ ಬೇರೆ ಗಟ್ಟಿ ನಾರಿನದೋ ಪಟ್ಟಿ ಇರುತ್ತದೆ. ರಿಮ್ಮನ್ನು ಕಚ್ಚಿ ಹಿಡಿಯುವ ಅಂಚಿನಲ್ಲಿ ಉಕ್ಕಿನ ತಂತಿಯ ಬೀಡ್. ಟ್ಯೂಬ್‌ಲೆಸ್ ಆದರೆ ಒಳಮೈಗೆಲ್ಲ ಗಾಳಿ ಸೋರಗೊಡದ ಬ್ಯೂಟೈಲ್ ಜಾತಿಯ ರಬ್ಬರಿನ ತೆಳು ಪದರ. ಗಾಡಿಯ ಭಾರ ಹೊರುವುದು ಗಾಳಿ. ಆ ಗಾಳಿಯನ್ನು ಬಿಗಿದು ಹಿಡಿಯುವುದು ದಾರಗಳು. ನೆಲವನ್ನು ಹಿಡಿಯುವ ಕೆಲಸ ಮಾತ್ರ ಟ್ರೆಡ್ಡಿನದು. ಹಾಗಾಗಿ ಮೊಳೆ ರಬ್ಬರನ್ನು ತೂತು ಮಾಡಿತೆಂಬುದು ದೊಡ್ಡ ಮಾತಲ್ಲ. ದಾರಗಳನ್ನು ಎಲ್ಲಿ ಕಡಿದಿದೆ, ಎಷ್ಟು ಕಡಿದಿದೆ ಎಂಬುದು ಮಾತು.

ಸಂಶಯ

ರಿಪೇರಿಯೋ, ಹೊಸದೋ? ಕೇಳಲು ಎರಡೇ ಕವಲು. ಆದರೆ ರಿಪೇರಿ ಎಂಬ ಒಂದು ಹೆಸರಿನ ಕೆಳಗೆ ಪರಸ್ಪರ ಸಂಬಂಧವಿಲ್ಲದ ಕೆಲಸಗಳು ಕೂತಿವೆ, ಅವನ್ನು ಬೇರ್ಪಡಿಸದೆ ವಾದ ಹೂಡಿದರೆ ಇಬ್ಬರೂ ಬೇರೆ ಬೇರೆ ವಸ್ತುವಿನ ಬಗ್ಗೆ ಜಗಳವಾಡುತ್ತಾರೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಸ್ಟ್ರಿಪ್. ಚಕ್ರ ಬಿಚ್ಚುವುದಿಲ್ಲ, ಟೈರು ರಿಮ್ಮಿನಿಂದ ಇಳಿಯುವುದಿಲ್ಲ. ಮೊಳೆ ಕಿತ್ತು, ಅರದಂತೆ ಒರಟಾದ ಸೂಜಿಯನ್ನು ತೂತಿಗೆ ತೂರಿಸಿ ನಾಲ್ಕು ಸಲ ತಿರುವಿ, ಅಂಟು ಮೆತ್ತಿದ ಹುರಿಯನ್ನು ಕಣ್ಣುಸೂಜಿಯಲ್ಲಿ ಪೋಣಿಸಿ ಒಳಗೆ ನೂಕಿ, ಸೂಜಿಯನ್ನು ಸರಕ್ಕನೆ ಎಳೆದರೆ ಹುರಿ ಅಲ್ಲೇ ಉಳಿಯುತ್ತದೆ. ಹೊರಗೆ ಚಾಚಿದ್ದನ್ನು ಬ್ಲೇಡಿನಲ್ಲಿ ಕೊಯ್ದು, ಮೇಲೆ ಎಂಜಲೋ ಸೋಪಿನ ನೀರೋ ಹಚ್ಚಿ, ಗುಳ್ಳೆ ಏಳದಿದ್ದರೆ ಕೆಲಸ ಮುಗಿಯಿತು. ಹತ್ತು ನಿಮಿಷ.

ಎರಡನೆಯದು ಒಳಗಿನಿಂದ ಮಾಡುವುದು. ಟೈರನ್ನು ರಿಮ್ಮಿನಿಂದ ಇಳಿಸಿ, ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ, ತೂತಿನ ಸುತ್ತ ಉಜ್ಜಿ, ಸೊಲ್ಯೂಷನ್ ಹಚ್ಚಿ ಅದು ಜಿಗುಟಾಗುವವರೆಗೆ ಕಾದು, ಅಣಬೆಯಾಕಾರದ ಪ್ಯಾಚಿನ ಕಾಂಡವನ್ನು ತೂತಿನಲ್ಲಿ ಹೊರಕ್ಕೆಳೆದು, ತಲೆಯನ್ನು ಒಳಮೈಗೆ ರೋಲರಿನಿಂದ ಒತ್ತಬೇಕು. ಅಂಗಡಿಗಳಲ್ಲಿ ಇದಕ್ಕೆ ಮಶ್ರೂಮ್ ಎನ್ನುತ್ತಾರೆ. ಕಾಂಡ ತೂತನ್ನು ತುಂಬುತ್ತದೆ, ನೀರು ದಾರಗಳಿಗೆ ಇಳಿಯದಂತೆ ತಡೆಯುತ್ತದೆ. ತಲೆ ಗಾಳಿಯನ್ನು ತಡೆಯುತ್ತದೆ.

ಟ್ಯೂಬಿಗೆ ಪ್ಯಾಚ್ ಹಾಕುವುದು ಮೂರನೆಯದು. ಕಡ್ಡಿ ಚಕ್ರದ ಬೈಕುಗಳಲ್ಲಿ ಹೆಚ್ಚಾಗಿ ಟ್ಯೂಬೇ ಇರುವುದು, ಕಡ್ಡಿಗಳು ಹಾದುಹೋಗುವ ತೂತುಗಳಿಂದಾಗಿ ಸಾಮಾನ್ಯ ಕಡ್ಡಿ ರಿಮ್ಮು ತಾನಾಗಿ ಗಾಳಿ ಹಿಡಿಯಲಾರದು. ಇದರ ಮಾತು ಮುಂದೆ.

ಪೂರ್ವಪಕ್ಷ

ಪೂರ್ವಪಕ್ಷಿಗಳು ಇಬ್ಬರು, ಒಬ್ಬರಿಗೊಬ್ಬರು ಆಗುವುದಿಲ್ಲ.

ಅಂಗಡಿಯವನದು ಆಚಾರಪ್ರಮಾಣ. "ಏನೂ ಆಗಲ್ಲ ಸಾರ್, ಆರಾಮಾಗಿ ಓಡುತ್ತೆ. ಎಲ್ರೂ ಇದನ್ನೇ ಹಾಕ್ಸೋದು." ಈ ಮಾತಿನಲ್ಲಿ ಸುಳ್ಳಿಲ್ಲ. ಸ್ಟ್ರಿಪ್ ಹಾಕಿಸಿಕೊಂಡ ಟೈರು ಸವೆದು ಹೋಗುವವರೆಗೂ ಓಡಿದ ಉದಾಹರಣೆಗೆ ಬೀದಿ ಬೀದಿಯಲ್ಲಿ ಸಾಕ್ಷಿ ಸಿಗುತ್ತಾರೆ. ಸ್ಟ್ರಿಪ್ಪಿಗೆ ನೂರು ಚಿಲ್ಲರೆ ರೂಪಾಯಿ, ಹೊಸ ಟೈರಿಗೆ ಸಾವಿರಗಳು. ಡೆಲಿವರಿ ಹುಡುಗನಿಗೆ ಅದು ಎರಡು ಮೂರು ದಿನದ ದುಡಿಮೆ.

ಕಂಪನಿಯದು ಶಬ್ದಪ್ರಮಾಣ. ಗಾಡಿಯ ಜೊತೆ ಬರುವ ಪುಸ್ತಕ, ಟೈರು ತಯಾರಕರ ಸೂಚನೆ ಎಲ್ಲವೂ ಬಿಗಿ. ಬದಿಯಲ್ಲಾದ ತೂತಿಗೆ ರಿಪೇರಿಯಿಲ್ಲ. 6 ಮಿಲಿಮೀಟರಿಗಿಂತ ದೊಡ್ಡದಕ್ಕೆ ಇಲ್ಲ. ಹೊರಗಿನಿಂದ ಹಾಕುವ ಹುರಿ ಶಾಶ್ವತ ರಿಪೇರಿಯೇ ಅಲ್ಲ. ಅಮೆರಿಕದ ಡನ್‌ಲಪ್ ಸೂಚನೆಯಲ್ಲಂತೂ ಒಳಗಿನಿಂದ ಸರಿಯಾಗಿ ರಿಪೇರಿ ಮಾಡಿದ ಬೈಕ್ ಟೈರಿಗೂ ವೇಗದ ಕಟ್ಟುಪಾಡಿದೆ: ಮೊದಲ 24 ಗಂಟೆ 80 ಕಿ.ಮೀ. ಮೀರಬಾರದು, ಆಮೇಲೆ ಎಂದೆಂದಿಗೂ 120 ಮೀರಬಾರದು. ಇದನ್ನೆಲ್ಲ ಕೂಡಿಸಿ ಓದಿದವನು, ಬೈಕಿನ ಟೈರಿಗೆ ತೂತು ಬಿತ್ತೆಂದರೆ ಎಸೆಯುವುದೇ ವಿಧಿ ಎಂಬ ತೀರ್ಮಾನಕ್ಕೆ ಬರುತ್ತಾನೆ. ಕಾರಿಗೆ ನಾಲ್ಕು ಕಾಲು, ಒಂದು ಕುಂಟಿದರೆ ಮೂರು ಉಳಿದಿವೆ. ಬೈಕು ನಿಂತಿರುವುದು ಅಂಗೈಯಗಲದ ಎರಡು ತುಂಡು ರಬ್ಬರಿನ ಮೇಲೆ ಎಂಬುದು ಅವನ ಯುಕ್ತಿ.

ಈ ಎರಡೂ ಪ್ರಮಾಣಗಳನ್ನು ತೂಗಲು ಜೈಮಿನಿಯಲ್ಲೇ ಒಂದು ಕಲ್ಲಿದೆ. ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಸ್ಮೃತಿ, ಆಚಾರಗಳನ್ನು ಪ್ರಮಾಣವೆಂದು ಒಪ್ಪಿದ ಮೇಲೆ ಒಂದು ಅಪವಾದ ಬರುತ್ತದೆ: ಆ ಮಾತಿನ ಹಿಂದೆ ಲೋಭದಂಥ ಕಾರಣ ಕಣ್ಣಿಗೆ ಕಾಣುತ್ತಿದ್ದರೆ ಅದು ಪ್ರಮಾಣವಲ್ಲ. ಹೋಮದ ಬಟ್ಟೆ ಅಧ್ವರ್ಯು ಎಂಬ ಪುರೋಹಿತನಿಗೇ ಸೇರಬೇಕೆಂಬ ಮಾತನ್ನು ಭಾಷ್ಯಕಾರ ಶಬರ ಅಲ್ಲಿ ಉದಾಹರಿಸುತ್ತಾನೆ. ಬಟ್ಟೆಯ ಆಸೆಗೆ ಯಾರೋ ಪುರೋಹಿತನೇ ಹುಟ್ಟಿಸಿದ ಸ್ಮೃತಿ ಇರಬಹುದು, ನಂಬಬೇಡಿ ಎನ್ನುತ್ತಾನೆ. ಪುರೋಹಿತರ ಶಾಸ್ತ್ರವೇ ಪುರೋಹಿತನ ಮೇಲೆ ಇಷ್ಟು ನಿಷ್ಠುರವಾಗಿರುವುದು ನನಗೆ ಇಷ್ಟ. ಈ ಕಲ್ಲಿಟ್ಟು ತೂಗಿದರೆ, ಟೈರು ಮಾರುವವನು ಹೊಸದು ಹಾಕಿಸಿ ಎಂದಾಗಲೂ, ಸ್ಟ್ರಿಪ್ ಹಾಕುವವನು ಸ್ಟ್ರಿಪ್ ಸಾಕು ಎಂದಾಗಲೂ ಬಟ್ಟೆಯ ಆಸೆ ಕಾಣುತ್ತಿದೆ. ಇಬ್ಬರೂ ಸುಳ್ಳಾಡುತ್ತಾರೆಂದಲ್ಲ. ಅವರ ಮಾತು ತನ್ನ ಬಲದಿಂದಲೇ ನಿಲ್ಲಲಾರದು, ಬೇರೆ ಪ್ರಮಾಣದ ಆಸರೆ ಬೇಕು.

ಸಿದ್ಧಾಂತ

ಆ ಬೇರೆ ಪ್ರಮಾಣ ಅನುಪಲಬ್ಧಿ. ಇಲ್ಲದಿರುವುದನ್ನು ತಿಳಿಯುವ ಬಗೆ. ಮೇಜಿನ ಮೇಲೆ ಗಡಿಗೆ ಇಲ್ಲವೆಂದು ನನಗೆ ಹೇಗೆ ಗೊತ್ತು? ಕಾಣಲಿಲ್ಲ, ಅದಕ್ಕೇ. ಮೀಮಾಂಸಕರಲ್ಲಿ ಪ್ರಾಭಾಕರರು ಇದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುವುದಿಲ್ಲ. ಕುಮಾರಿಲನ ಕಡೆಯವರು ಒಪ್ಪುತ್ತಾರೆ, ಒಂದು ಷರತ್ತಿನ ಮೇಲೆ. ಕಾಣದಿರುವಿಕೆ ಯೋಗ್ಯವಾಗಿರಬೇಕು. ವಸ್ತು ಅಲ್ಲಿದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದರೆ ಮಾತ್ರ ಕಾಣದ್ದರಿಂದ ಇಲ್ಲವೆನ್ನಬಹುದು. ಕತ್ತಲಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆಯ ವಿಷಯ ಏನೂ ತಿಳಿದಂತಾಗಲಿಲ್ಲ.

ಸ್ಟ್ರಿಪ್ಪಿನ ಮೇಲೆ ಗುಳ್ಳೆ ಏಳಲಿಲ್ಲ. ಇದರಿಂದ ಏನು ತಿಳಿಯಿತು? ಆ ಹೊತ್ತಿಗೆ ಆ ತೂತಿನಿಂದ ಗಾಳಿ ಬರುತ್ತಿಲ್ಲವೆಂದು. ಸೋರಿಕೆ ಇದ್ದಿದ್ದರೆ ಗುಳ್ಳೆ ಕಾಣುತ್ತಿತ್ತು, ಆದ್ದರಿಂದ ಅಷ್ಟಕ್ಕೆ ಅದು ಯೋಗ್ಯ. ಆದರೆ ಒಳಗೆ ದಾರ ಹರಿದಿಲ್ಲ, ಮೊಳೆ ಓರೆಯಾಗಿ ನುಗ್ಗಿ ಬದಿಯ ಗೋಡೆಗೆ ತಾಗಿಲ್ಲ, ಗಾಳಿ ಇಲ್ಲದೆ ಓಡಿಸಿದ್ದರಿಂದ ಒಳಮೈ ಅರೆದಿಲ್ಲ ಎಂಬುದು ತಿಳಿಯಿತೇ? ಇಲ್ಲ. ಟೈರು ರಿಮ್ಮಿನ ಮೇಲೇ ಇತ್ತು. ಅವೆಲ್ಲ ಇದ್ದಿದ್ದರೂ ಕಾಣುತ್ತಿರಲಿಲ್ಲ. ಅಂಗಡಿಯವನು "ಏನೂ ಆಗಿಲ್ಲ" ಎನ್ನುವುದು ಕತ್ತಲಕೋಣೆಯ ಗಡಿಗೆಯ ಬಗ್ಗೆ.

ಹೀಗಾಗಿ ನನ್ನ ಸಿದ್ಧಾಂತ: ರಿಪೇರಿಯೋ ಹೊಸದೋ ಎಂಬುದು ಎರಡನೆಯ ಪ್ರಶ್ನೆ. ಒಳಗೆ ನೋಡಿದ್ದಾಯಿತೇ ಎಂಬುದು ಮೊದಲನೆಯದು. ನೋಡದೆ ಎರಡನೆಯದಕ್ಕೆ ಉತ್ತರವೇ ಇಲ್ಲ, ಎರಡೂ ಕಡೆಯಿಂದ. ನೋಡದೆ ಉಳಿಸಿಕೊಳ್ಳುವುದು ಎಷ್ಟು ಆಧಾರವಿಲ್ಲದ್ದೋ ನೋಡದೆ ಎಸೆಯುವುದೂ ಅಷ್ಟೇ. ಇದಕ್ಕೆ ಅಪವಾದ ಒಂದೇ. ಹೊರಗಿನಿಂದಲೇ ತೀರ್ಮಾನವಾಗುವಂಥ ಕೇಡು: ಬದಿಯ ಗೋಡೆಯಲ್ಲಿ ಅಥವಾ ಟ್ರೆಡ್ಡಿನ ಅಂಚಿನ ಭುಜದಲ್ಲಿ ತೂತು, ಸೀಳಿದ ಗಾಯ, ಬೀಡ್ ಮುರಿದದ್ದು, ಟ್ರೆಡ್ ಸವೆದು ಟಿ.ಡಬ್ಲ್ಯು.ಐ. ಗುರುತಿನ ದಿಣ್ಣೆಗೆ ಸಮನಾದದ್ದು. ಇವಕ್ಕೆ ಒಳಗೆ ನೋಡುವ ಅಗತ್ಯವಿಲ್ಲ, ಹೊಸದೇ ಗತಿ.

ಬದಿಯ ಗೋಡೆಗೆ ರಿಪೇರಿ ಏಕಿಲ್ಲ? ಚಕ್ರ ಉರುಳುವಾಗ ಪ್ರತಿ ಸುತ್ತಿಗೂ ಗೋಡೆ ಮಡಚಿ ಬಿಚ್ಚುತ್ತದೆ. ಅಲ್ಲಿ ರಬ್ಬರು ತೆಳು, ದಾರಗಳು ಬಿಗಿ. ಅಂಟಿಸಿದ್ದು ಯಾವುದೂ ಆ ಮಡಚಾಟದಲ್ಲಿ ನಿಲ್ಲುವುದಿಲ್ಲ. ಬೈಕಿನಲ್ಲಿ ಇನ್ನೂ ಒಂದು ತೊಡಕಿದೆ, ಕಾರಿನವರಿಗೆ ಅದು ಹೊಳೆಯುವುದಿಲ್ಲ. ತಿರುವಿನಲ್ಲಿ ಬೈಕು ವಾಲುತ್ತದೆ. ಆಗ ನೆಲ ಮುಟ್ಟುವುದು ಟ್ರೆಡ್ಡಿನ ನಡುಭಾಗವಲ್ಲ, ಅದರ ಭುಜ. ನೇರ ರಸ್ತೆಯಲ್ಲಿ ನೆಲವನ್ನೇ ಕಾಣದ ಭುಜದ ಮೇಲಿನ ತೂತು, ಹಿಡಿತ ತೀರಾ ಬೇಕಾದ ಗಳಿಗೆಯಲ್ಲೇ ಭಾರದಡಿ ಬರುತ್ತದೆ. ಹಾಗಾಗಿ ರಿಪೇರಿಗೆ ಉಳಿದ ಜಾಗ ನಡುಪಟ್ಟಿ ಮಾತ್ರ.

ಮೊಳೆಯ ಓರೆಯ ವಿಷಯವೂ ಇದಕ್ಕೇ ಸೇರಿದ್ದು. ಹೊರಗೆ ನಟ್ಟನಡುವೆ ಚುಚ್ಚಿದ ಮೊಳೆ ಒಳಗೆ ಭುಜದ ಹತ್ತಿರ ತಲೆ ಹಾಕಿರಬಹುದು. ಹೊರಗಿನಿಂದ ಅಳೆದವನಿಗೆ ಅದು ನಡುಪಟ್ಟಿಯ ತೂತು, ಒಳಗಿನಿಂದ ಅಳೆದವನಿಗೆ ಭುಜದ್ದು. ಅಳತೆಯೂ ಹಾಗೆಯೇ. ಮೊಳೆ 3 ಮಿಲಿಮೀಟರಿನದೇ ಇರಲಿ, ಅದನ್ನಿಟ್ಟುಕೊಂಡೇ ಐದಾರು ಕಿಲೋಮೀಟರು ಓಡಿಸಿದರೆ ಒಳಗೆ ಅದು ಅಲುಗಾಡಿ ತನ್ನ ಜಾಗ ಅಗಲಿಸಿಕೊಂಡಿರುತ್ತದೆ. ಆಮೇಲೆ ಬರುವ ಒರಟು ಸೂಜಿ ಇನ್ನಷ್ಟು ಅಗಲಿಸುತ್ತದೆ.

ಟೈರು ಇಳಿಸಿದಾಗ ಏನು ನೋಡಬೇಕು? ಮೊದಲು ಪುಡಿ. ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದ್ದರೆ, ಅಥವಾ ಗೋಡೆಯ ಒಳಮೈಯಲ್ಲಿ ಸುತ್ತಲೂ ಸುಕ್ಕಿನ ಗೆರೆ ಕಂಡರೆ, ಗಾಳಿ ಇಲ್ಲದ ಟೈರನ್ನು ಓಡಿಸಿದ್ದಾರೆ ಎಂದರ್ಥ. ಗಾಳಿ ಇಲ್ಲದ ಗೋಡೆ ಅತಿಯಾಗಿ ಮಡಚಿ, ಕಾದು, ಒಳಗೊಳಗೇ ಅರೆಯುತ್ತದೆ. ತೂತು ಸಾಸಿವೆಯಷ್ಟಿದ್ದರೂ ಆ ಟೈರು ಮುಗಿಯಿತು. ಟೈರನ್ನು ಕೊಲ್ಲುವುದು ಮೊಳೆಗಿಂತ ಹೆಚ್ಚಾಗಿ "ಅಲ್ಲೇ ಮುಂದೆ ಅಂಗಡಿ ಇದೆ" ಎಂದು ಚಪ್ಪಟೆ ಚಕ್ರದ ಮೇಲೆ ಓಡಿಸಿಕೊಂಡು ಹೋಗುವ ಆ ಎರಡು ಕಿಲೋಮೀಟರು. ತಳ್ಳಿದರೆ ಬೆವರು, ಓಡಿಸಿದರೆ ಟೈರು. ಪುಡಿ ಇಲ್ಲದಿದ್ದರೆ ಮುಂದೆ ತೂತಿನ ಬಾಯಿಯಲ್ಲಿ ದಾರದ ಕುಚ್ಚು ಹೊರಬಂದಿದೆಯೇ, ರೇಡಿಯಲ್ ಆದರೆ ಉಕ್ಕಿನ ತಂತಿ ತುಕ್ಕು ಹಿಡಿದಿದೆಯೇ, ಹಳೆಯ ರಿಪೇರಿ ಪಕ್ಕದಲ್ಲೇ ಇದೆಯೇ ಎಂದು. ಇಷ್ಟೂ ಚೊಕ್ಕವಾಗಿದ್ದು, ತೂತು ನಡುಪಟ್ಟಿಯಲ್ಲಿದ್ದು, 6 ಮಿ.ಮೀ. ಒಳಗಿದ್ದರೆ ಮಶ್ರೂಮ್ ಹಾಕಿಸಿ, ವಾಲ್ವ್ ಬದಲಿಸಿ, ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇರುವಂತೆ ಕೂರಿಸಿ ಓಡಿಸಬಹುದು. ಅಂಥ ಟೈರನ್ನು ಎಸೆಯಿರಿ ಎನ್ನುವವನ ಮಾತಿನಲ್ಲಿ ಬಟ್ಟೆಯ ಆಸೆಯೇ ಕಾಣುವುದು.

ಮುಂದಿನ ಚಕ್ರಕ್ಕೆ ಇದೇ ಅಳತೆಗೋಲು, ಇನ್ನೂ ಬಿಗಿಯಾಗಿ. ಹಿಂದಿನ ಟೈರು ಗಾಳಿ ಬಿಟ್ಟರೆ ಗಾಡಿ ತೂರಾಡುತ್ತದೆ, ಹೆಚ್ಚಿನ ಸಲ ನಿಲ್ಲಿಸಿಕೊಳ್ಳಬಹುದು. ಮುಂದಿನದು ಬಿಟ್ಟರೆ ಹ್ಯಾಂಡಲ್ಲೇ ಮಾತು ಕೇಳುವುದಿಲ್ಲ. ಹಿಂದಿನದಕ್ಕೆ ಸಂಶಯದ ಲಾಭ ಕೊಡುವ ಕಡೆ ಮುಂದಿನದಕ್ಕೆ ಕೊಡಲಾಗದು.

ಆಕ್ಷೇಪಗಳು

ನಡುರಾತ್ರಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಪಂಕ್ಚರ್ ಆದರೆ ಅಲ್ಲಿ ಮಶ್ರೂಮ್ ಹಾಕುವವರು ಯಾರಿದ್ದಾರೆ, ಟೈರು ಇಳಿಸುವ ಮಷೀನು ಎಲ್ಲಿದೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಜೈಮಿನಿಯ ಆರನೆಯ ಅಧ್ಯಾಯದ ಪ್ರತಿನಿಧಿ ವಿಚಾರ ಇಂಥದ್ದಕ್ಕೇ ಇರುವುದು. ಭತ್ತ ಸಿಗದಿದ್ದರೆ ಕಾಡುಭತ್ತವಾದ ನೀವಾರದಿಂದ ಯಾಗ ನಡೆಸು, ಹಿಡಿದ ಕೆಲಸ ಬಿಡಬೇಡ ಎನ್ನುತ್ತದೆ ಅದು. ಸ್ಟ್ರಿಪ್ ನೀವಾರವಿದ್ದ ಹಾಗೆ. ಸೀಟಿನಡಿ ಒಂದು ಸ್ಟ್ರಿಪ್ ಕಿಟ್ಟು, ಗಾಳಿ ತುಂಬುವ ಪುಟ್ಟ ಪಂಪು ಇಟ್ಟುಕೊಂಡವನನ್ನು ನಾನು ಜಾಣನೆಂದೇ ಕರೆಯುತ್ತೇನೆ. ಹಾಕಿಕೊಂಡು, ಮೆಲ್ಲಗೆ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ ಉಜಿರೆಗೆ ಇಳಿಯಲಿ. ಆದರೆ ಅದೇ ವಿಚಾರದಲ್ಲಿ ಇನ್ನೂ ಎರಡು ಮಾತಿವೆ. ಮುಖ್ಯದ್ರವ್ಯ ಸಿಕ್ಕಿದ ಮೇಲೆ ಮುಖ್ಯವನ್ನೇ ಬಳಸಬೇಕು. ಅಂದರೆ ಮಂಗಳೂರು ತಲುಪಿ, ಟೈರು ಇಳಿಸುವ ಅಂಗಡಿ ಎದುರಿಗಿದ್ದೂ ಸ್ಟ್ರಿಪ್ಪಿನ ಮೇಲೇ ವರ್ಷ ಕಳೆಯುವುದಕ್ಕೆ ಶಾಸ್ತ್ರದ ಒಪ್ಪಿಗೆಯಿಲ್ಲ. ಇನ್ನೊಂದು, ದ್ರವ್ಯಕ್ಕೆ ಪ್ರತಿನಿಧಿ ಉಂಟು, ಯಜಮಾನನಿಗಿಲ್ಲ. ಸವಾರನ ಬದಲಿಗೆ ಇನ್ನೊಬ್ಬನನ್ನು ಒದಗಿಸುವಂತಿಲ್ಲ.

ಹಾಗಾದರೆ ಸ್ಟ್ರಿಪ್ ಹಾಕಿ ಸಾವಿರಾರು ಕಿಲೋಮೀಟರು ಓಡಿಸಿದವರೆಲ್ಲ ಬಿದ್ದರೇ? ಬಿದ್ದಿಲ್ಲ. ನಮ್ಮ ಸಾಮಾನ್ಯ ಬೈಕುಗಳ ಟೈರು ನೈಲಾನ್ ದಾರದ್ದು, ತುಕ್ಕು ಹಿಡಿಯಲು ಅಲ್ಲಿ ಉಕ್ಕಿಲ್ಲ. ಊರೊಳಗೆ ನಲವತ್ತರ ವೇಗ, ಹೆಚ್ಚು ಕಾವಿಲ್ಲ. ಮೊಳೆ ಹೆಚ್ಚಿನ ಸಲ ನೇರವಾಗಿ ನಡುವಿಗೇ ಚುಚ್ಚುತ್ತದೆ. ಅಂಥ ಟೈರನ್ನು ಇಳಿಸಿ ನೋಡಿದ್ದರೂ ಚೊಕ್ಕವಾಗಿಯೇ ಇರುತ್ತಿತ್ತು. ಅವರು ಬದುಕಿದ್ದು ಸ್ಟ್ರಿಪ್ಪಿನ ಗುಣದಿಂದಲ್ಲ, ಒಳಗೆ ಕೇಡಿರಲಿಲ್ಲವಾದ್ದರಿಂದ. ನನ್ನ ಟೈರೂ ಅವರ ಟೈರಿನಂತೆಯೇ ಇದೆ ಎಂಬುದೇ ಸಾಧಿಸಬೇಕಾದ ಮಾತು, ಅದನ್ನೇ ಹೇತುವಾಗಿ ಒಡ್ಡಿದರೆ ವಾದ ಮುಂದೆ ಹೋಗುವುದಿಲ್ಲ. ಊರೊಳಗಿನ ಅನುಭವವನ್ನು ಹೆದ್ದಾರಿಯ ನೂರರ ವೇಗಕ್ಕೆ ಎಳೆದು ತರುವುದಂತೂ ಬೇರೆಯೇ ದೋಷ.

ಕಾನೂನೇ ಸುಮ್ಮನಿದೆಯಲ್ಲ? ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮ ದ್ವಿಚಕ್ರದ ಟ್ರೆಡ್ಡಿಗೆ 0.8 ಮಿ.ಮೀ. ಆಳವಿರಬೇಕೆನ್ನುತ್ತದೆ, ಕಾರಿನಂಥವಕ್ಕೆ 1.6. ಅದು ಕೆಳಗಿನ ಮಿತಿ, ದಾಟಿದರೆ ತಪ್ಪಾಗುವ ಗೆರೆ. ಗೆರೆಯ ಈಚೆ ಇರುವುದೆಲ್ಲ ಒಳ್ಳೆಯದೆಂದು ಅದು ಹೇಳುವುದಿಲ್ಲ. ಮಿಲಿಮೀಟರು ಉಳಿದ ಟೈರಿಗೆ ಮಶ್ರೂಮ್ ಹಾಕಿಸುವುದು ಕಾನೂನಿನ ಪ್ರಕಾರ ಸರಿ, ಲೆಕ್ಕದ ಪ್ರಕಾರ ದಂಡ; ಮುಂದಿನ ಮಳೆಗಾಲಕ್ಕೆ ಹೇಗೂ ಬದಲಿಸಬೇಕು.

ಟ್ಯೂಬ್ ಇರುವವರ ಆಕ್ಷೇಪ: ನಮಗೆ ಈ ಗೋಳಿಲ್ಲ, ಟ್ಯೂಬಿಗೆ ಪ್ಯಾಚ್ ಬಿದ್ದರೆ ಆಯಿತು. ಅವರಿಗೆ ಒಂದು ಅನುಕೂಲವಿದೆ, ಅವರ ಟೈರಿನ ಒಂದು ಬದಿಯಾದರೂ ಪ್ರತಿ ಸಲ ರಿಮ್ಮಿನಿಂದ ಇಳಿಯುತ್ತದೆ, ಒಳಗೆ ಕೈಯಾಡಿಸದೆ ಗತಿಯಿಲ್ಲ. ಆ ಕೈಯಾಡಿಸುವುದೇ ನಾನು ಹೇಳುತ್ತಿರುವ ನೋಟ. ಆದರೆ ಟ್ಯೂಬ್ ಗಾಳಿ ಹಿಡಿಯಿತೆಂದು ಟೈರು ಗಟ್ಟಿಯಾಯಿತೆಂದಲ್ಲ. ದಾರ ಕಡಿದ ಟೈರಿನಲ್ಲಿ ಹೊಸ ಟ್ಯೂಬೂ ಅಲ್ಲೇ ಉಬ್ಬಿ ಸವೆಯುತ್ತದೆ. ಅಕ್ಕಪಕ್ಕ ಎರಡು ತೂತು ಕಂಡರೆ ಮೊಳೆ ಹುಡುಕುತ್ತ ಕೂರಬೇಡಿ. ಗಾಳಿ ಕಡಿಮೆಯಿದ್ದು ಗುಂಡಿಗೆ ಬಿದ್ದಾಗ ರಿಮ್ಮಿಗೂ ಟೈರಿಗೂ ನಡುವೆ ಟ್ಯೂಬ್ ಕಚ್ಚಿಕೊಂಡದ್ದು ಅದು. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬನ್ನೇ ಬದಲಿಸಿ. ಇನ್ನು ಸೋರುವ ಟ್ಯೂಬ್‌ಲೆಸ್ ಟೈರಿಗೆ ಒಳಗೊಂದು ಟ್ಯೂಬ್ ಸೇರಿಸಿ ಇನ್ನೆರಡು ವರ್ಷ ತಳ್ಳುವವರಿದ್ದಾರೆ. ಕೇಡನ್ನು ಮುಚ್ಚಿ, ಕಾವು ಹೆಚ್ಚಿಸಿ, ನಿಧಾನ ಸೋರುತ್ತಿದ್ದುದನ್ನು ಒಮ್ಮೆಲೇ ಸೋರುವಂತೆ ಮಾಡುವ ವಿದ್ಯೆ ಅದು.

ಮೊಳೆಯೇ ಇಲ್ಲದೆ ಗಾಳಿ ಇಳಿದರೆ? ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಊಹಿಸುವ ಅರ್ಥಾಪತ್ತಿ ಇಲ್ಲಿ ಒದಗುತ್ತದೆ. ಟ್ರೆಡ್ಡಿನಲ್ಲಿ ತೂತಿಲ್ಲ, ಗಾಳಿ ಇಳಿಯುತ್ತಿದೆ. ಹಾಗಿದ್ದರೆ ವಾಲ್ವು, ಇಲ್ಲವೇ ಗುಂಡಿಗೆ ಬಡಿದು ಬಾಗಿದ ರಿಮ್ಮಿನ ಅಂಚು. ಸೋಪಿನ ನೀರು ಅಲ್ಲಿ ಹಚ್ಚಿ. ಟೈರಿನ ತಪ್ಪಿಲ್ಲದೆ ಟೈರು ಬದಲಿಸಿದವರೂ ಉಂಟು.

ಸಂಗತಿ

ಕಡೆಯ ಆಕ್ಷೇಪ ಹೊಟ್ಟೆ ಉರಿಯಿಂದ ಬರುವುದು. ಹೊಸ ಟೈರು ಹಾಕಿಸಿ ವಾರವಾಗಿಲ್ಲ, ರೋಮದಂಥ ರಬ್ಬರ್ ಎಳೆಗಳು ಇನ್ನೂ ಉದುರಿಲ್ಲ, ಭುಜಕ್ಕೆ ಮೊಳೆ ಚುಚ್ಚಿತು. ಪಕ್ಕದ ಮನೆಯವನ ನಾಲ್ಕು ವರ್ಷದ ಟೈರಿಗೆ ನಟ್ಟನಡುವೆ ಚುಚ್ಚಿತು. ನಿಮ್ಮ ಸಿದ್ಧಾಂತದಲ್ಲಿ ಅವನದು ಉಳಿಯುತ್ತದೆ, ನನ್ನದು ಹೋಗುತ್ತದೆ, ಇದು ಯಾವ ನ್ಯಾಯ?

ಅವನದು ಉಳಿಯುತ್ತದೆಂದು ಇನ್ನೂ ಹೇಳಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರ. ಅದನ್ನೂ ಓದಿ, ಟ್ರೆಡ್ಡಿನ ಸಂದುಗಳಲ್ಲಿ ಬಿರುಕಿದೆಯೇ ನೋಡಿ, ಇಳಿಸಿ ಒಳಗೂ ನೋಡಿ ಆಮೇಲೆ ಹೇಳಬೇಕು. ನಿಮ್ಮದು ಹೋಗುತ್ತದೆ, ಅದರಲ್ಲಿ ಸಂಶಯವಿಲ್ಲ. ಕೊಟ್ಟ ಹಣ ಟೈರಿನ ಗುಣವಲ್ಲ; ಹೊಸದೆಂಬ ಕಾರಣಕ್ಕೆ ಕಡಿದ ದಾರ ಕೂಡಿಕೊಳ್ಳುವುದಿಲ್ಲ. ಆ ಟೈರನ್ನು ಹಿತ್ತಿಲಿಗೆ ಎಸೆದು ಮಳೆನೀರು ನಿಂತು ಡೆಂಗಿ ಸೊಳ್ಳೆ ಸಾಕುವ ಬದಲು, ಹೊಸದು ಹಾಕಿದ ಅಂಗಡಿಯಲ್ಲೇ ಬಿಟ್ಟು ಬನ್ನಿ. ಬಿಡುವ ಮುನ್ನ ಬದಿಗೊಂದು ಅಡ್ಡ ಕೊಯ್ತ ಹಾಕಿಸಿ. ಇಲ್ಲದಿದ್ದರೆ ಭುಜದ ತೂತಿಗೆ ಹುರಿ ತುರುಕಿ, "ಹೊಸಾದೇ ಸಾರ್, ಒಂದು ವಾರ ಓಡಿರೋದು" ಎಂದು ಇನ್ನೊಬ್ಬರಿಗೆ ಮಾರುವವರಿದ್ದಾರೆ.